ಪಶ್ಚಿಮ ಕರಾವಳಿಯ ವಿಹಾರ ನೌಕಾಯಾನ

ವಿಹಾರ ನೌಕಾಯಾನ ಅಥವಾ ಕ್ರೂಸ್ ಎಂದರೆ ಊರು ಸೇರುವುದಕ್ಕಾಗಿ ಅಲ್ಲದೆ, ಹಡಗಿನಲ್ಲಿಯೇ ವಾಸ, ಊಟ ಮತ್ತು ಮನರಂಜನೆಗಳನ್ನು ಪಡೆಯುತ್ತ ಹಲವು ಬಂದರುಗಳನ್ನು ನೋಡಿಬರುವ ಸಮುದ್ರಪ್ರಯಾಣ. ಭಾರತದ ಪಶ್ಚಿಮ ಕರಾವಳಿಯಲ್ಲಿ ಇಂಥ ಪ್ರಯಾಣಗಳು ಮುಖ್ಯವಾಗಿ ಮುಂಬಯಿಯಿಂದ ಹೊರಡುತ್ತವೆ. ಗೋವೆಯ ಮುರಗಾವ್, ಕರ್ನಾಟಕದ ನವಮಂಗಳೂರು, ಕೇರಳದ ಕೊಚ್ಚಿ ಮತ್ತು ಲಕ್ಷದ್ವೀಪಗಳು ಈ ಮಾರ್ಗದ ಪ್ರಮುಖ ತಾಣಗಳು. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಿಗೆ ಸಮುದ್ರವಿಲ್ಲ, ತಾಲ್ಲೂಕು ಕೇಂದ್ರಗಳಿಗೆ ರೈಲು ನಿಲ್ದಾಣವೂ ಇಲ್ಲ. ಆದ್ದರಿಂದ ಈ ಸೀಮೆಯವರ ಹಡಗಿನ ಪ್ರಯಾಣ ಬಂದರಿನಲ್ಲಲ್ಲ, ಊರಿನ ಬಸ್ ನಿಲ್ದಾಣದಲ್ಲಿಯೇ ಆರಂಭವಾಗುತ್ತದೆ. ಈ ಲೇಖನವು ಹಡಗಿನ ಕಾಯ್ದಿರಿಸುವಿಕೆ, ಮರಳಿ ಬರುವ ಪ್ರಯಾಣಿಕರಿಗೆ ಸಿಗುವ ಸೌಲಭ್ಯಗಳು, ಹಡಗು ಹತ್ತುವ ಕ್ರಮ ಹಾಗೂ ಪ್ರಯಾಣಿಕರ ಹಕ್ಕುಗಳನ್ನು ವಿವರಿಸುತ್ತದೆ.

ಹಿನ್ನೆಲೆ

ಕಿತ್ತೂರು ಸೀಮೆಗೂ ಕಡಲಿಗೂ ಇರುವ ಸಂಬಂಧ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳಗಾವಿ, ಧಾರವಾಡ ಭಾಗದ ಹತ್ತಿ ಬಂಡಿಗಳ ಮೇಲೆ ಘಟ್ಟ ಇಳಿದು ವೆಂಗುರ್ಲೆ, ಕಾರವಾರ, ಕುಮಟಾ ಬಂದರುಗಳನ್ನು ಸೇರುತ್ತಿತ್ತು. 1880ರ ದಶಕದ ಕೊನೆಯಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಮುರಗಾವ್ ಬಂದರಿಗೆ ರೈಲು ಬಂದ ಮೇಲೆ ಈ ವ್ಯಾಪಾರದ ದಾರಿ ಬದಲಾಯಿತು. ಮುಂಬಯಿಯಿಂದ ರತ್ನಾಗಿರಿ, ಮಾಲವಣ, ವೆಂಗುರ್ಲೆಗಳ ಮೂಲಕ ಗೋವೆಗೆ ಬರುತ್ತಿದ್ದ ಪ್ರಯಾಣಿಕ ಹಡಗುಗಳು ಇಪ್ಪತ್ತನೆಯ ಶತಮಾನದ ಬಹುಭಾಗ ಕರಾವಳಿಯ ಜನರ ಮುಖ್ಯ ಸಾರಿಗೆಯಾಗಿದ್ದವು. ರಸ್ತೆಗಳು ಸುಧಾರಿಸಿದಂತೆ ಅವು ಮರೆಯಾದವು.

ವಿಹಾರಕ್ಕಾಗಿಯೇ ಹೊರಡುವ ಹಡಗುಗಳು ಈ ಕರಾವಳಿಯಲ್ಲಿ ನೆಲೆಯೂರಿದ್ದು ಇತ್ತೀಚೆಗೆ. 2018ರ ಅಕ್ಟೋಬರಿನಲ್ಲಿ 'ಆಂಗ್ರಿಯಾ' ಎಂಬ ಹಡಗು ಮುಂಬಯಿ ಮತ್ತು ಗೋವೆಗಳ ನಡುವೆ ಸಂಚಾರ ಆರಂಭಿಸಿತು. 2019ರಲ್ಲಿ ಜಲೇಶ್ ಕ್ರೂಸಸ್ ಸಂಸ್ಥೆಯ 'ಕರ್ಣಿಕಾ' ಹಡಗು ಬಂದಿತು. ಕೋವಿಡ್ ಕಾಲದಲ್ಲಿ ಪ್ರಯಾಣಗಳು ನಿಂತುಹೋಗಿ 2020ರಲ್ಲಿ ಸಂಸ್ಥೆ ಮುಚ್ಚಿತು, ಹಡಗು ಗುಜರಾತಿನ ಅಲಂಗ್ ತೀರದಲ್ಲಿ ಒಡೆಯಲ್ಪಟ್ಟಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕ್ರೂಸಸ್ ಸಂಸ್ಥೆ 'ಎಂಪ್ರೆಸ್' ಹಡಗಿನೊಂದಿಗೆ ಮುಂಬಯಿಯಿಂದ ಪ್ರಯಾಣಗಳನ್ನು ಆರಂಭಿಸಿತು. ಈ ಹಡಗು 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಎಂಬ ಹೆಸರಿನಿಂದ ಕಡಲಿಗಿಳಿದದ್ದು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ 'ಕ್ರೂಸ್ ಭಾರತ್ ಮಿಷನ್' ಯೋಜನೆಗೆ ಚಾಲನೆ ನೀಡಿತು. 2029ರೊಳಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಅದರ ಗುರಿಗಳಲ್ಲೊಂದು.

ಬಂದರುಗಳು ಮತ್ತು ಋತು

ಪಣಂಬೂರಿನಲ್ಲಿರುವ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಯಿತು. ಇಲ್ಲಿಗೆ ಬರುವ ವಿದೇಶಿ ವಿಹಾರ ನೌಕೆಗಳು ಹೆಚ್ಚಾಗಿ ಹಗಲಿನ ಭೇಟಿಗೆ ನಿಂತು ಮುಂದೆ ಸಾಗುತ್ತವೆ. ಬಂದರಿಗೆ ಹಡಗು ಬರುತ್ತದೆ ಎಂಬುದಕ್ಕೂ ಅಲ್ಲಿ ಹೊಸ ಪ್ರಯಾಣಿಕರು ಹತ್ತಬಹುದು ಎಂಬುದಕ್ಕೂ ವ್ಯತ್ಯಾಸವಿದೆ. ಆಯಾ ಪ್ರಯಾಣದ ವಿವರದಲ್ಲಿ ಅದನ್ನು ಹತ್ತುವ ಬಂದರೆಂದು ಸ್ಪಷ್ಟವಾಗಿ ನಮೂದಿಸಿದ್ದರೆ ಮಾತ್ರ ಅಲ್ಲಿಂದ ಟಿಕೆಟ್ ದೊರೆಯುತ್ತದೆ. ಮುರಗಾವಿಗೂ ಇದೇ ಮಾತು ಅನ್ವಯಿಸುತ್ತದೆ.

ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಅಲೆಗಳು ದೊಡ್ಡವಾಗಿರುವುದರಿಂದ ಪಶ್ಚಿಮ ಕರಾವಳಿಯ ಪ್ರಯಾಣಗಳು ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಬೇಸಿಗೆಯ ಕೊನೆಯವರೆಗೆ ನಡೆಯುತ್ತವೆ. ಮಳೆಗಾಲದಲ್ಲಿ ಹಡಗನ್ನು ಪೂರ್ವ ಕರಾವಳಿಗೆ ಕಳುಹಿಸುವುದುಂಟು. ಎಂಪ್ರೆಸ್ 2022ರ ಜೂನಿನಲ್ಲಿ ಚೆನ್ನೈಯಿಂದ ಸಂಚರಿಸಿತು.

ಕಾಯ್ದಿರಿಸುವಿಕೆ

ಹಡಗಿನ ಕೋಣೆಗಳಲ್ಲಿ ನಾಲ್ಕು ಮುಖ್ಯ ವಿಧಗಳಿವೆ: ಕಿಟಕಿಯಿಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯುಳ್ಳ ಕೋಣೆ, ಬಾಲ್ಕನಿ ಕೋಣೆ ಮತ್ತು ಸೂಟ್. ಬೆಲೆ ಈ ಕ್ರಮದಲ್ಲಿಯೇ ಏರುತ್ತದೆ. ಊಟದ ಮುಖ್ಯ ಶಾಲೆ, ರಂಗಮಂದಿರ, ಈಜುಕೊಳಗಳು ಸಾಮಾನ್ಯವಾಗಿ ಎಲ್ಲ ಕೋಣೆಯವರಿಗೂ ಒಂದೇ. ಅಲೆಯ ತೂಗಾಟ ಹಡಗಿನ ಮಧ್ಯಭಾಗದ ಕೆಳ ಅಂತಸ್ತುಗಳಲ್ಲಿ ಕಡಿಮೆ, ಮುಂದಿನ ತುದಿ ಮತ್ತು ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ಘಟ್ಟದ ಬಸ್ಸಿನಲ್ಲಿಯೇ ತಲೆಸುತ್ತುವವರಿಗೆ ಮೇಲಿನ ಬಾಲ್ಕನಿಗಿಂತ ಕೆಳಗಿನ ನಡುವಣ ಕೋಣೆ ಹಿತಕರ. 'ಗ್ಯಾರಂಟಿ' ಎಂಬ ಹೆಸರಿನ ಅಗ್ಗದ ಟಿಕೆಟಿನಲ್ಲಿ ಕೋಣೆಯ ವಿಧ ಮಾತ್ರ ಖಚಿತ, ಸಂಖ್ಯೆಯನ್ನು ಸಂಸ್ಥೆಯೇ ಆಮೇಲೆ ನಿಗದಿಪಡಿಸುತ್ತದೆ. ಅಕ್ಕಪಕ್ಕದ ಕೋಣೆಗಳು ಬೇಕಾದ ಕೂಡುಕುಟುಂಬಗಳಿಗೆ ಇದು ಹೊಂದುವುದಿಲ್ಲ.

ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇರುವರೆಂದು ಎಣಿಸಿ ಒಬ್ಬರಿಗೆ ಹೇಳಿದ ಮೊತ್ತ. ಒಬ್ಬರೇ ಹೋದರೆ ಇಬ್ಬರ ದರಕ್ಕೆ ಸಮೀಪದ ಹಣ ತೆರಬೇಕಾಗಬಹುದು. ಮೂರನೆಯ ಮತ್ತು ನಾಲ್ಕನೆಯವರಿಗೆ ಅನೇಕ ವೇಳೆ ಕಡಿಮೆ ದರವಿರುತ್ತದೆ. ಈ ದರದ ಮೇಲೆ ಬಂದರು ಶುಲ್ಕ, ಜಿಎಸ್‌ಟಿ ಮತ್ತು ಸಿಬ್ಬಂದಿಯ ಸೇವಾಶುಲ್ಕಗಳು ಸೇರುತ್ತವೆ. ಮದ್ಯ, ತಂಪು ಪಾನೀಯ, ಅಂತರ್ಜಾಲ, ವಿಶೇಷ ಭೋಜನಶಾಲೆ, ದಡದ ಪ್ರವಾಸ ಮತ್ತು ವೈದ್ಯರ ಶುಲ್ಕ ಬಹುತೇಕ ಹಡಗುಗಳಲ್ಲಿ ಪ್ರತ್ಯೇಕ. ಆದ್ದರಿಂದ ಎರಡು ಸಂಸ್ಥೆಗಳ ದರಗಳನ್ನು ಹೋಲಿಸುವಾಗ ಕೊನೆಯಲ್ಲಿ ಪಾವತಿಸುವ ಒಟ್ಟು ಮೊತ್ತವನ್ನೇ ಹೋಲಿಸಬೇಕಾಗುತ್ತದೆ. ವಿದೇಶ ಪ್ರವಾಸದ ಪ್ಯಾಕೇಜನ್ನು ಕೊಂಡಾಗ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್, ಸೇರುತ್ತದೆ. ಅದು ಪ್ರಯಾಣಿಕರ ಪ್ಯಾನ್ ಸಂಖ್ಯೆಗೆ ಜಮೆಯಾಗುವುದರಿಂದ, ಆದಾಯ ತೆರಿಗೆ ವಿವರ ಸಲ್ಲಿಸಿದವರು ಅದನ್ನು ತಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ತೆರಿಗೆಯಷ್ಟು ಆದಾಯವಿಲ್ಲದ ಹಿರಿಯರು ವಿವರ ಸಲ್ಲಿಸದೆ ಬಿಟ್ಟರೆ ಈ ಹಣ ಕೈಗೆ ಬರುವುದಿಲ್ಲ.

ರದ್ದತಿಯ ನಿಯಮ ಮೆಟ್ಟಿಲುಮೆಟ್ಟಿಲಾಗಿರುತ್ತದೆ: ಪ್ರಯಾಣದ ದಿನ ಸಮೀಪಿಸಿದಂತೆ ಕಡಿತ ಹೆಚ್ಚುತ್ತ ಹೋಗಿ, ಕೊನೆಯ ದಿನಗಳಲ್ಲಿ ಏನೂ ಮರಳುವುದಿಲ್ಲ. ಸಂಸ್ಥೆಯೇ ಪ್ರಯಾಣವನ್ನು ರದ್ದುಪಡಿಸಿದಾಗ ನಗದು ಮರಳುವುದೋ, ಮುಂದಿನ ಪ್ರಯಾಣಕ್ಕೆ ಬಳಸುವ ಚೀಟಿ ಸಿಗುವುದೋ ಎಂಬುದು ಬೇರೆ ಪ್ರಶ್ನೆ. ಚೀಟಿಗೆ ಬೆಲೆ ಇರುವುದು ಸಂಸ್ಥೆ ನಡೆಯುತ್ತಿರುವವರೆಗೆ ಮಾತ್ರ. ಹವಾಮಾನದಿಂದಾಗಿ ಒಂದು ಬಂದರನ್ನು ಕೈಬಿಡುವ ಅಥವಾ ಬದಲಾಯಿಸುವ ಅಧಿಕಾರವನ್ನು ಬಹುತೇಕ ಎಲ್ಲ ಸಂಸ್ಥೆಗಳೂ ಕರಾರಿನಲ್ಲಿ ಉಳಿಸಿಕೊಂಡಿರುತ್ತವೆ. ಅಂಥ ಸಂದರ್ಭದಲ್ಲಿ ಪೂರ್ಣ ಹಣ ಮರಳುವುದಿಲ್ಲ. 2022ರ ಜನವರಿಯಲ್ಲಿ ಎರಡು ಸಾವಿರದಷ್ಟು ಜನರಿದ್ದ ಎಂಪ್ರೆಸ್ ಗೋವೆಗೆ ಬಂದಾಗ 66 ಮಂದಿಯಲ್ಲಿ ಕೋವಿಡ್ ಸೋಂಕು ಕಂಡುಬಂದು, ಹಡಗು ಮುಂಬಯಿಗೆ ಹಿಂದಿರುಗಿತು.

ಹೆಸರು ಮತ್ತು ದಾಖಲೆಗಳು

ದೇಶದೊಳಗಿನ ಪ್ರಯಾಣಕ್ಕೆ ಸರ್ಕಾರ ನೀಡಿದ ಭಾವಚಿತ್ರವಿರುವ ಗುರುತಿನ ಚೀಟಿ ಬೇಕು. ವಿದೇಶಿ ಬಂದರಿಗೆ ಹೋಗುವ ಪ್ರಯಾಣಕ್ಕೆ, ಹಿಂದಿರುಗಿದ ದಿನದಿಂದ ಕನಿಷ್ಠ ಆರು ತಿಂಗಳು ಅವಧಿಯುಳ್ಳ ಪಾಸ್‌ಪೋರ್ಟನ್ನು ಸಂಸ್ಥೆಗಳು ಸಾಮಾನ್ಯವಾಗಿ ಕೇಳುತ್ತವೆ. ಬೆಳಗಾವಿಯ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಮತ್ತು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಈ ಸೀಮೆಗೆ ಹತ್ತಿರದವು. ಲಕ್ಷದ್ವೀಪಕ್ಕೆ ಹೊರಗಿನವರು ಪ್ರವೇಶ ಪರವಾನಗಿ ಪಡೆಯಬೇಕು. ಅದನ್ನು ಹಡಗಿನ ಸಂಸ್ಥೆ ಮಾಡಿಸಿಕೊಡುವುದೇ ಎಂದು ಹಣ ಕಟ್ಟುವ ಮೊದಲು ಕೇಳಿಕೊಳ್ಳುವುದು ಅಗತ್ಯ.

ಉತ್ತರ ಕರ್ನಾಟಕದವರಿಗೆ ಹೆಚ್ಚಾಗಿ ಎದುರಾಗುವ ತೊಡಕು ಹೆಸರಿನದು. ಇಲ್ಲಿ ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ರೂಢಿಯಲ್ಲಿದೆ. ಒಂದು ದಾಖಲೆಯಲ್ಲಿ ಮೂರೂ ಇದ್ದು, ಇನ್ನೊಂದರಲ್ಲಿ ಅಡ್ಡಹೆಸರು ಬಿಟ್ಟುಹೋಗಿದ್ದು, ಮತ್ತೊಂದರಲ್ಲಿ ಮದುವೆಗೆ ಮುಂಚಿನ ಹೆಸರೇ ಉಳಿದಿರುವುದು ಸಾಮಾನ್ಯ. ಹಡಗಿನ ಟಿಕೆಟಿನ ಹೆಸರು ಬಂದರಿನಲ್ಲಿ ತೋರಿಸುವ ದಾಖಲೆಯೊಂದಿಗೆ ಅಕ್ಷರಶಃ ಹೊಂದಬೇಕು. ಕಾಯ್ದಿರಿಸುವಾಗ ಕೂಗುವ ಹೆಸರನ್ನೋ ಊರಿನಲ್ಲಿ ಪರಿಚಿತವಾದ ಹೆಸರನ್ನೋ ಬರೆಸಿದರೆ ತಿದ್ದುಪಡಿಗೆ ಹಣ ತೆರಬೇಕಾಗಬಹುದು. ಹತ್ತುವ ದಿನ ಗೊತ್ತಾದರೆ ಪ್ರವೇಶವೇ ತಪ್ಪಬಹುದು.

ವೀಸಾದ ವಿಷಯದಲ್ಲಿ ಹಡಗಿಗೆ ಒಂದು ವೈಶಿಷ್ಟ್ಯವಿದೆ. ವಿಮಾನದಲ್ಲಿ ಒಂದು ದೇಶಕ್ಕೆ ಹೋಗಿ, ಅಲ್ಲಿ ಹಡಗು ಹತ್ತಿ ಬೇರೆ ದೇಶದ ಬಂದರು ಮುಟ್ಟಿ, ಮತ್ತೆ ಮೊದಲಿನ ದೇಶಕ್ಕೇ ಬಂದು ಇಳಿಯುವ ಪ್ರಯಾಣದಲ್ಲಿ ಆ ದೇಶವನ್ನು ಎರಡು ಬಾರಿ ಪ್ರವೇಶಿಸಿದಂತಾಗುತ್ತದೆ. ಅಂಥಲ್ಲಿ ಒಂದೇ ಪ್ರವೇಶದ ವೀಸಾ ಸಾಲದು, ಬಹುಪ್ರವೇಶದ ವೀಸಾ ಬೇಕಾಗುತ್ತದೆ. ವೀಸಾ ಕೊರತೆಯಿಂದ ಹಡಗು ತಪ್ಪಿದರೆ ಅದರ ಹೊಣೆಯನ್ನು ಕರಾರುಗಳು ಪ್ರಯಾಣಿಕರ ಮೇಲೆಯೇ ಹೊರಿಸುತ್ತವೆ.

ಬಹುತೇಕ ಸಂಸ್ಥೆಗಳು ಆರು ತಿಂಗಳಿಗಿಂತ ಚಿಕ್ಕ ಕೂಸುಗಳನ್ನೂ, ಪ್ರಯಾಣದ ಅವಧಿಯಲ್ಲಿ ಇಪ್ಪತ್ತನಾಲ್ಕನೆಯ ವಾರಕ್ಕೆ ಕಾಲಿಡುವ ಗರ್ಭಿಣಿಯರನ್ನೂ ಹತ್ತಿಸಿಕೊಳ್ಳುವುದಿಲ್ಲ.

ನಿಷ್ಠಾ ಯೋಜನೆಗಳು

ಒಮ್ಮೆ ಪ್ರಯಾಣಿಸಿದವರು ಮತ್ತೆ ತಮ್ಮ ಹಡಗನ್ನೇ ಆರಿಸಲೆಂದು ದೊಡ್ಡ ಸಂಸ್ಥೆಗಳು ಸದಸ್ಯತ್ವದ ಯೋಜನೆಗಳನ್ನು ನಡೆಸುತ್ತವೆ. ಸದಸ್ಯತ್ವಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ಹಡಗಿನಲ್ಲಿ ಕಳೆದ ರಾತ್ರಿಗಳು ಅಥವಾ ಖರ್ಚು ಮಾಡಿದ ಹಣದ ಲೆಕ್ಕದಲ್ಲಿ ಅಂಕಗಳು ಸೇರಿ, ಸದಸ್ಯರು ಮೇಲಿನ ದರ್ಜೆಗೆ ಏರುತ್ತಾರೆ. ಕೆಳದರ್ಜೆಗಳಲ್ಲಿ ಸಣ್ಣ ರಿಯಾಯಿತಿ ಚೀಟಿಗಳು, ನಡುದರ್ಜೆಗಳಲ್ಲಿ ಹಡಗು ಹತ್ತಲು ಆದ್ಯತೆ ಮತ್ತು ದರದಲ್ಲಿ ಕಡಿತ, ಮೇಲ್ದರ್ಜೆಗಳಲ್ಲಿ ಉಚಿತ ಅಂತರ್ಜಾಲ, ಬಟ್ಟೆ ಒಗೆಸುವಿಕೆ, ಪಾನೀಯ, ಪ್ರತ್ಯೇಕ ವಿಶ್ರಾಂತಿ ಕೊಠಡಿ ಮೊದಲಾದವು ದೊರೆಯುತ್ತವೆ.

ಉದಾಹರಣೆಗೆ, ರಾಯಲ್ ಕೆರಿಬಿಯನ್ ಸಂಸ್ಥೆಯ ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿಯಲ್ಲಿ ಒಂದು ರಾತ್ರಿಗೆ ಒಂದು ಅಂಕ, ಸೂಟ್‌ನಲ್ಲಿದ್ದರೆ ಎರಡು. ಗೋಲ್ಡ್ ದರ್ಜೆಗೆ 3, ಪ್ಲಾಟಿನಂಗೆ 30, ಎಮರಾಲ್ಡ್‌ಗೆ 55, ಡೈಮಂಡ್‌ಗೆ 80, ಡೈಮಂಡ್ ಪ್ಲಸ್‌ಗೆ 175, ಪಿನಾಕಲ್ ಕ್ಲಬ್‌ಗೆ 700 ಅಂಕಗಳು ಬೇಕು. ಮೂರು ರಾತ್ರಿಗಳ ಪ್ರಯಾಣವನ್ನು ಸಾಮಾನ್ಯ ಕೋಣೆಯಲ್ಲಿ ಮಾಡುವವರು ಡೈಮಂಡ್ ದರ್ಜೆ ಮುಟ್ಟಲು 27 ಬಾರಿ ಹಡಗು ಹತ್ತಬೇಕು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಹಲವು ವರ್ಷಕ್ಕೊಮ್ಮೆ ಪ್ರವಾಸ ಹೋಗುವ ಕುಟುಂಬಕ್ಕೆ ಈ ಅಂಕಗಳು ಹೆಚ್ಚಿನ ಲಾಭ ತರುವುದಿಲ್ಲ. ಅಂಥವರು ಅಂಕಗಳಿಗಾಗಿ ದುಬಾರಿ ಸಂಸ್ಥೆಯನ್ನು ಆರಿಸುವುದಕ್ಕಿಂತ ಒಟ್ಟು ಬೆಲೆ ಮತ್ತು ಹತ್ತುವ ಬಂದರಿನ ಅನುಕೂಲವನ್ನು ನೋಡುವುದು ಲಾಭಕರ. ಮಕ್ಕಳು ವಿದೇಶದಲ್ಲಿದ್ದು ಅವರೊಂದಿಗೆ ಮೇಲಿಂದ ಮೇಲೆ ಪ್ರಯಾಣಿಸುವ ಹಿರಿಯರ ಲೆಕ್ಕ ಬೇರೆ: ಅವರು ಮೊದಲ ಪ್ರಯಾಣದಲ್ಲಿಯೇ ಸದಸ್ಯರಾಗಿ, ಪ್ರತಿ ಸಲವೂ ಅದೇ ಸದಸ್ಯ ಸಂಖ್ಯೆಯನ್ನು ನೀಡುವುದು ಒಳಿತು. ಟಿಕೆಟಿನಲ್ಲಿ ಹೆಸರು ಬೇರೆಬೇರೆಯಾಗಿದ್ದರೆ ಒಬ್ಬರೇ ಇಬ್ಬರಾಗಿ ದಾಖಲಾಗಿ ಅಂಕಗಳು ಹರಿದು ಹಂಚಿಹೋಗುತ್ತವೆ.

ಒಂದು ಸಂಸ್ಥೆಯ ಅಂಕಗಳು ಸಾಮಾನ್ಯವಾಗಿ ಇನ್ನೊಂದರಲ್ಲಿ ನಡೆಯುವುದಿಲ್ಲ. ಎಂಎಸ್‌ಸಿಯಂಥ ಕೆಲವು ಸಂಸ್ಥೆಗಳು ಇತರ ಸಂಸ್ಥೆಗಳಲ್ಲಿನ ದರ್ಜೆಯನ್ನು ನೋಡಿ ತಮ್ಮಲ್ಲಿ ಸಮಾನ ದರ್ಜೆ ನೀಡುವುದುಂಟು. ಯೋಜನೆಯ ನಿಯಮಗಳನ್ನು ಬದಲಾಯಿಸುವ ಅಧಿಕಾರ ಸಂಸ್ಥೆಯದೇ ಆಗಿರುವುದರಿಂದ, ಅಂಕಗಳನ್ನು ಉಳಿತಾಯದ ಹಣವೆಂದು ಭಾವಿಸುವಂತಿಲ್ಲ.

ಬಂದರು ತಲಪುವುದು

ಕಿತ್ತೂರು ಪುಣೆ ಮತ್ತು ಬೆಂಗಳೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದವರು ಬಸ್ಸಿನಲ್ಲಿ ಬೆಳಗಾವಿ, ಧಾರವಾಡ ಅಥವಾ ಹುಬ್ಬಳ್ಳಿಗೆ ಬಂದು ಅಲ್ಲಿಂದ ರೈಲು ಇಲ್ಲವೆ ವಿಮಾನ ಹಿಡಿಯುತ್ತಾರೆ. ಮುರಗಾವಿಗೆ ಲೋಂಡಾ ಮಾರ್ಗದ ರೈಲು ಅಥವಾ ಘಟ್ಟದ ರಸ್ತೆಗಳಿವೆ. ಮಳೆ ಜೋರಾದಾಗ ಘಟ್ಟದಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲುವುದುಂಟು. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಹೊರಟವರಿಗೆ ಒಂದು ಬಸ್ಸು ತಪ್ಪಿದರೆ ಮತ್ತೊಂದು ಸಿಗುತ್ತದೆ. ಹಡಗಿನ ವಿಷಯ ಹಾಗಲ್ಲ: ಸಂಸ್ಥೆಯ ಮೂಲಕವೇ ಕೊಂಡ ರೈಲು, ವಿಮಾನಗಳ ವಿಳಂಬವನ್ನು ಬಿಟ್ಟರೆ, ತಡವಾಗಿ ಬರುವವರಿಗಾಗಿ ಹಡಗು ಕಾಯುವುದಿಲ್ಲ, ಹಣವೂ ಮರಳುವುದಿಲ್ಲ. ಈ ಕಾರಣದಿಂದ ಹಿಂದಿನ ದಿನವೇ ಬಂದರು ನಗರವನ್ನು ಸೇರಿ ರಾತ್ರಿ ಅಲ್ಲಿ ತಂಗುವ ಪದ್ಧತಿ ಅನುಭವಿ ಪ್ರಯಾಣಿಕರಲ್ಲಿದೆ. ಒಂದು ರಾತ್ರಿಯ ವಸತಿಯ ಖರ್ಚು ಇಡೀ ಟಿಕೆಟಿನ ಹಣಕ್ಕೆ ಕಾವಲಾಗುತ್ತದೆ.

ಹಡಗು ಹತ್ತುವ ಕ್ರಮ

ಹಡಗು ಹತ್ತುವ ಮೊದಲು ಅಂತರ್ಜಾಲದ ಮೂಲಕ ಚೆಕ್-ಇನ್ ಮಾಡಿ, ಹತ್ತುವ ಪರವಾನಗಿ ಪತ್ರ ಮತ್ತು ಸಾಮಾನಿನ ಚೀಟಿಗಳನ್ನು ಮುದ್ರಿಸಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಬಂದರಿಗೆ ಬರುವ ಗಳಿಗೆ ನಿಗದಿಯಾಗಿರುತ್ತದೆ. ಟಿಕೆಟಿನಲ್ಲಿ ಕಾಣುವ ಹೊರಡುವ ಹೊತ್ತು ಹಡಗು ಕದಲುವ ಹೊತ್ತು. ಹತ್ತುವ ಬಾಗಿಲು ಅದಕ್ಕಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ.

ದೊಡ್ಡ ಪೆಟ್ಟಿಗೆಗಳನ್ನು ಬಂದರಿನ ಬಾಗಿಲಲ್ಲಿಯೇ ಸಿಬ್ಬಂದಿಗೆ ಒಪ್ಪಿಸಬೇಕು. ಅವು ಕೋಣೆಗೆ ಬರುವುದು ಸಂಜೆಯ ಹೊತ್ತಿಗೆ. ಆದ್ದರಿಂದ ಔಷಧಿ, ಕನ್ನಡಕ, ಗುರುತಿನ ಚೀಟಿ, ಪಾಸ್‌ಪೋರ್ಟ್, ಹಣ, ಒಡವೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಬೇಕು. ನಂತರ ದಾಖಲೆಗಳ ಪರಿಶೀಲನೆ, ಭದ್ರತಾ ತಪಾಸಣೆ ಮತ್ತು ವಿದೇಶ ಪ್ರಯಾಣವಾದರೆ ವಲಸೆ ವಿಭಾಗದ ಮುದ್ರೆ ಕ್ರಮವಾಗಿ ನಡೆಯುತ್ತವೆ. ಕೊನೆಯಲ್ಲಿ ಕೊಡುವ ಹಡಗಿನ ಕಾರ್ಡೇ ಕೋಣೆಯ ಕೀಲಿ, ಗುರುತಿನ ಚೀಟಿ ಮತ್ತು ಹಡಗಿನೊಳಗಿನ ಹಣ. ಮಕ್ಕಳ ಕಾರ್ಡಿನಿಂದ ಖರೀದಿ ಆಗದಂತೆ ಮೊದಲ ದಿನವೇ ತಡೆಹಾಕಿಸಬಹುದು.

ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಮೇಣದಬತ್ತಿಗಳನ್ನು ಒಯ್ಯಲು ಬಿಡುವುದಿಲ್ಲ. ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರ ಹಚ್ಚುವಂತಿಲ್ಲ. ನಿತ್ಯಪೂಜೆಯ ನಿಯಮವುಳ್ಳವರು ಇದನ್ನು ಮೊದಲೇ ತಿಳಿದಿರಬೇಕು. ಮನೆಯಲ್ಲಿ ಮಾಡಿದ ರೊಟ್ಟಿ, ಚಟ್ನಿಪುಡಿ, ಹೋಳಿಗೆಗಳನ್ನು ಅನೇಕ ಸಂಸ್ಥೆಗಳು ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಮೊಹರು ಹಾಕಿದ ಪೊಟ್ಟಣಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಸಸ್ಯಾಹಾರ, ಜೈನ ಆಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಆಹಾರದ ಅಗತ್ಯವನ್ನು ಕಾಯ್ದಿರಿಸುವಾಗಲೇ ಬರೆಸಬೇಕು. ಗಾಲಿಕುರ್ಚಿಗೂ ಇದೇ ನಿಯಮ.

ಸುರಕ್ಷತಾ ಕವಾಯತು

1912ರಲ್ಲಿ ಟೈಟಾನಿಕ್ ಮುಳುಗಿದ ನಂತರ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದ, ಅಂದರೆ ಸೋಲಾಸ್, ರೂಪುಗೊಂಡಿತು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು ವಾಲಿದಾಗ 32 ಮಂದಿ ಸತ್ತರು. ಅಂದೇ ಹತ್ತಿದ್ದ ಅನೇಕ ಪ್ರಯಾಣಿಕರಿಗೆ ಕವಾಯತು ಇನ್ನೂ ನಡೆದಿರಲಿಲ್ಲ. ಆಗಿನ ನಿಯಮ 24 ಗಂಟೆಗಳ ಅವಕಾಶ ಕೊಡುತ್ತಿತ್ತು. 2015ರ ಜನವರಿ 1ರಿಂದ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಕವಾಯತು ನಡೆಯಲೇಬೇಕೆಂಬ ತಿದ್ದುಪಡಿ ಜಾರಿಗೆ ಬಂದಿತು. ಏಳು ಚಿಕ್ಕ ಮತ್ತು ಒಂದು ದೀರ್ಘ ಸೀಟಿ ಆಪತ್ತಿನ ಸಾಮಾನ್ಯ ಸಂಕೇತ. ಇಂಗ್ಲಿಷ್ ಅಥವಾ ಹಿಂದಿ ಬಾರದ ಹಿರಿಯರೊಂದಿಗೆ ಹೋದವರು ತಮ್ಮ ಗುಂಪು ಸೇರುವ ಜಾಗಕ್ಕೆ ಅವರನ್ನು ಒಮ್ಮೆ ನಡೆಸಿಕೊಂಡು ಹೋಗಿ ತೋರಿಸುವುದು ಒಳ್ಳೆಯದು.

ದಡದ ಭೇಟಿ ಮತ್ತು ಇಳಿಯುವಿಕೆ

ಬಂದರಿನಲ್ಲಿ ಇಳಿದವರು ಹಡಗಿಗೆ ಮರಳಬೇಕಾದ ಹೊತ್ತನ್ನು ಬಾಗಿಲಲ್ಲಿ ಬರೆದು ತೂಗುಹಾಕಿರುತ್ತಾರೆ. ಸಂಸ್ಥೆಯ ದಡದ ಪ್ರವಾಸದಲ್ಲಿ ಹೋದವರು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ ಅಥವಾ ಸಂಸ್ಥೆ ಅವರನ್ನು ಮುಂದಿನ ಬಂದರಿಗೆ ಸೇರಿಸುತ್ತದೆ. ಸ್ವಂತ ವಾಹನದಲ್ಲಿ ಹೋದವರಿಗೆ ಆ ರಕ್ಷಣೆಯಿಲ್ಲ. ಲಕ್ಷದ್ವೀಪದಲ್ಲಿ ಹಡಗು ದೂರದಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡ ಸೇರಿಸುತ್ತಾರೆ. ಮೊಣಕಾಲು ನೋವಿನವರಿಗೆ ಈ ಇಳಿಯುವಿಕೆ ಕಷ್ಟ, ಅಲೆ ಹೆಚ್ಚಿದ್ದರೆ ಭೇಟಿಯೇ ರದ್ದಾಗಬಹುದು.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ಕೋಣೆಯ ಹೊರಗಿಡುವುದು ವಾಡಿಕೆ. ಹಡಗಿನ ಖರ್ಚಿನ ಪಟ್ಟಿಯನ್ನು ಇಳಿಯುವ ಮೊದಲೇ ಪರಿಶೀಲಿಸಬೇಕು, ಏಕೆಂದರೆ ತಪ್ಪು ಲೆಕ್ಕವನ್ನು ದಡಕ್ಕೆ ಬಂದ ಮೇಲೆ ತಿದ್ದಿಸುವುದು ಕಠಿಣ.

ವಿಮೆ ಮತ್ತು ಗ್ರಾಹಕರ ಹಕ್ಕುಗಳು

ಹಡಗಿನ ವೈದ್ಯರ ಸೇವೆ ದುಬಾರಿ. ಭಾರತದ ಸಾಮಾನ್ಯ ಆರೋಗ್ಯ ವಿಮೆಗಳು ಹೆಚ್ಚಾಗಿ ದೇಶದ ಹೊರಗಿನ ಚಿಕಿತ್ಸೆಗೆ ಅನ್ವಯಿಸುವುದಿಲ್ಲವಾದ್ದರಿಂದ, ವಿದೇಶಿ ಪ್ರಯಾಣಕ್ಕೆ ಪ್ರತ್ಯೇಕ ಪ್ರವಾಸ ವಿಮೆ ಬೇಕಾಗುತ್ತದೆ. ಮೊದಲಿನಿಂದ ಇರುವ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ವಿಮೆಯ ಹಣ ನಿರಾಕೃತವಾಗಬಹುದು.

ಹಣ ಕಟ್ಟಿಸಿಕೊಂಡು ಸೇವೆ ನೀಡದ ಸಂಸ್ಥೆ ಅಥವಾ ದಲ್ಲಾಳಿಯ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಶ್ರಯವಿದೆ. ಸಂಸ್ಥೆಯ ಕಚೇರಿ ಮುಂಬಯಿಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಿತ್ತೂರು ಸೀಮೆಯವರಿಗೆ ಅದು ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲಿವೆ. ದೂರಿನ ಕಾರಣ ಉಂಟಾದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣ ಕಟ್ಟಿದ ರಸೀದಿ, ಟಿಕೆಟ್, ಜಾಹೀರಾತಿನ ಪ್ರತಿ ಮತ್ತು ಸಂಸ್ಥೆಯೊಂದಿಗಿನ ಪತ್ರವ್ಯವಹಾರ ಇಂಥ ದೂರಿಗೆ ಆಧಾರಗಳು. ದಲ್ಲಾಳಿಯ ಕೈಗೆ ನಗದು ಕೊಟ್ಟು ರಸೀದಿ ಪಡೆಯದವರ ಬಳಿ ಈ ಆಧಾರ ಉಳಿಯುವುದಿಲ್ಲ.